ಸಾಹಿತ್ಯ ಸಮ್ಮೇಳನಗಳಲ್ಲಿ ಲೇಖಕರ ಪೈಪೋಟಿ: ಹುಟ್ಟುವುದೆಲ್ಲಿ, ನಡೆಯುವುದು ಹೇಗೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಚಳಿಗಾಲ ಬಂತೆಂದರೆ ಸಾಹಿತ್ಯ ಸಮ್ಮೇಳನಗಳ ಸುಗ್ಗಿ. ತಾಲೂಕಿಗೊಂದು, ಜಿಲ್ಲೆಗೊಂದು, ನಡುವೆ ಸಂಘ-ಸಂಸ್ಥೆಗಳದ್ದು ಮತ್ತೊಂದು. ಆಹ್ವಾನ ಪತ್ರಿಕೆ ವಾಟ್ಸಾಪ್ ಗುಂಪಿಗೆ ಬಂದು ಬಿದ್ದ ಅರ್ಧ ಗಂಟೆಯೊಳಗೆ ತಕರಾರು ಶುರುವಾಗುತ್ತದೆ. ಇವರನ್ನು ಯಾಕೆ ಬಿಟ್ಟರು, ಅವರಿಗೆ ಎಷ್ಟನೆಯ ಸಲ ಕೊಟ್ಟರು, ಅಧ್ಯಕ್ಷರ ಆಯ್ಕೆ ಯಾರ ಮನೆಯಲ್ಲಿ ನಡೆಯಿತು ಎಂಬ ಮಾತುಗಳು ಸಮ್ಮೇಳನ ಮುಗಿದು ಪೆಂಡಾಲ್ ಬಿಚ್ಚಿದ ಮೇಲೂ ನಿಲ್ಲುವುದಿಲ್ಲ. ಪುಸ್ತಕ ಓದುವ ಅಭ್ಯಾಸವಿದ್ದರೂ ಸಾಹಿತ್ಯ ವಲಯದ ಒಳಗುಟ್ಟು ತಿಳಿಯದ ಓದುಗರಿಗೆ ಈ ಗದ್ದಲ ವಿಚಿತ್ರವೆನಿಸುವುದು ಸಹಜ. ಒಂಟಿಯಾಗಿ ಕುಳಿತು ಬರೆಯುವ ಜನ ಮೂರು ನಿಮಿಷದ ವೇದಿಕೆಗಾಗಿ ಏಕೆ ಮುನಿಸಿಕೊಳ್ಳುತ್ತಾರೆ? ಅದಕ್ಕೆ ಉತ್ತರ ಲೇಖಕರ ಸ್ವಭಾವದಲ್ಲಿ ಸ್ವಲ್ಪ, ಸಮ್ಮೇಳನಗಳ ರಚನೆಯಲ್ಲಿ ಬಹಳಷ್ಟು ಇದೆ.

ಸಮ್ಮೇಳನ ಬೇರೆ, ಉತ್ಸವ ಬೇರೆ

ಮೊದಲು ಸ್ಥೂಲ ಪರಿಚಯ. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಮೊದಲ ಸಮ್ಮೇಳನ ನಡೆಯಿತು. ಪರಿಷತ್ತು ಸದಸ್ಯರ ಸಂಸ್ಥೆ. ಅದರ ರಾಜ್ಯಾಧ್ಯಕ್ಷರನ್ನೂ ಜಿಲ್ಲಾಧ್ಯಕ್ಷರನ್ನೂ ಆಜೀವ ಸದಸ್ಯರು ಮತ ಹಾಕಿ ಆರಿಸುತ್ತಾರೆ. ಈ ಸದಸ್ಯರ ಸಂಖ್ಯೆ ಈಗ ಮೂರು ಲಕ್ಷ ದಾಟಿದೆ. ರಾಜ್ಯಮಟ್ಟದ ಅಖಿಲ ಭಾರತ ಸಮ್ಮೇಳನದ ಕೆಳಗೆ ಜಿಲ್ಲಾ ಮತ್ತು ತಾಲೂಕು ಸಮ್ಮೇಳನಗಳು ಇದೇ ಮಾದರಿಯಲ್ಲಿ ನಡೆಯುತ್ತವೆ: ಬೆಳಿಗ್ಗೆ ಧ್ವಜಾರೋಹಣ, ಅಧ್ಯಕ್ಷರ ಮೆರವಣಿಗೆ, ಉದ್ಘಾಟನೆ, ಬಳಿಕ ವಿಚಾರಗೋಷ್ಠಿಗಳು, ಕವಿಗೋಷ್ಠಿ, ನಿರ್ಣಯಗಳನ್ನು ಅಂಗೀಕರಿಸುವ ಬಹಿರಂಗ ಅಧಿವೇಶನ, ಸಮಾರೋಪ.

ಸಾಹಿತ್ಯ ಉತ್ಸವದ ಬಗೆಯೇ ಬೇರೆ. 2006ರಲ್ಲಿ ಆರಂಭವಾದ ಜೈಪುರ ಉತ್ಸವ, 2012ರ ಬೆಂಗಳೂರು ಸಾಹಿತ್ಯ ಉತ್ಸವ, ನಮಗೆ ಹತ್ತಿರದ ಧಾರವಾಡದಲ್ಲಿ 2013ರಿಂದ ನಡೆದ ಸಾಹಿತ್ಯ ಸಂಭ್ರಮ ಈ ಜಾತಿಯವು. ಇಲ್ಲಿ ಮತದಾನವಿಲ್ಲ, ಮೆರವಣಿಗೆಯಿಲ್ಲ. ಒಂದು ಸಣ್ಣ ತಂಡ ಕುಳಿತು ಯಾರನ್ನು ಕರೆಯಬೇಕು, ಯಾರನ್ನು ಯಾರೊಡನೆ ಮಾತಿಗೆ ಕೂರಿಸಬೇಕು ಎಂದು ನಿರ್ಧರಿಸುತ್ತದೆ. ಸಮ್ಮೇಳನದಲ್ಲಿ ಅವಕಾಶ ತಪ್ಪಿದವರು ‘ನಮ್ಮ ಹಕ್ಕು ಹೋಯಿತು’ ಎನ್ನುತ್ತಾರೆ, ಉತ್ಸವದಲ್ಲಿ ತಪ್ಪಿದವರು ‘ಅವರದೊಂದು ಗುಂಪು’ ಎನ್ನುತ್ತಾರೆ. ಸದಸ್ಯತ್ವದ ಹಣ ಕಟ್ಟಿದ ಸಂಸ್ಥೆಯ ಮೇಲೆ ಜನ ಹಕ್ಕು ಸಾಧಿಸುವುದರಿಂದಲೇ ಸಮ್ಮೇಳನದ ಜಗಳಗಳು ಹೆಚ್ಚು ಬಹಿರಂಗವಾಗಿ, ಉತ್ಸವದ ಜಗಳಗಳು ಹೆಚ್ಚು ಗುಸುಗುಸುವಾಗಿ ನಡೆಯುತ್ತವೆ.

ವೇದಿಕೆ ಯಾಕೆ ಸಾಲುವುದಿಲ್ಲ?

ಕಬ್ಬು ಬೆಳೆಯುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಮುಧೋಳ, ಗೋಕಾಕ ಕಡೆಯ ರೈತನ ಕಬ್ಬು ಎಷ್ಟೇ ಚೆನ್ನಾಗಿ ಬಂದಿದ್ದರೂ ಕಾರ್ಖಾನೆಯಿಂದ ಕಟಾವಿನ ಸರದಿ ಬರದೆ ಅದಕ್ಕೆ ಬೆಲೆಯಿಲ್ಲ. ಕಾರ್ಖಾನೆ ದಿನಕ್ಕೆ ನುರಿಸುವುದು ಇಷ್ಟೇ ಟನ್, ಹೊಲದಲ್ಲಿ ನಿಂತದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು, ತಡವಾದಷ್ಟೂ ತೂಕ ಇಳಿಯುತ್ತದೆ. ಆಗ ಬೆಳೆಯ ಗುಣಕ್ಕಿಂತ ಯಾರ ಪರಿಚಯ ಯಾರಿಗಿದೆ ಎಂಬುದು ಮುಖ್ಯವಾಗುತ್ತದೆ, ಸರದಿ ಸಿಕ್ಕವನ ಮೇಲೆ ಸಿಗದವನಿಗೆ ಅನುಮಾನ ಹುಟ್ಟುತ್ತದೆ. ವೇದಿಕೆಯ ವಿಷಯದಲ್ಲೂ ಆಗುವುದು ಇದೇ.

ಒಂದು ದಿನದ ತಾಲೂಕು ಸಮ್ಮೇಳನವನ್ನೇ ತೆಗೆದುಕೊಳ್ಳೋಣ. ಮೆರವಣಿಗೆ ಬಂದು ಮುಟ್ಟಿ, ಉದ್ಘಾಟನೆಯ ಭಾಷಣಗಳು ಮುಗಿಯುವಾಗ ಊಟದ ಹೊತ್ತು ಮೀರಿರುತ್ತದೆ. ಉಳಿದ ಮಧ್ಯಾಹ್ನದಲ್ಲಿ ಎರಡು ಗೋಷ್ಠಿ, ಒಂದು ಕವಿಗೋಷ್ಠಿ, ಸನ್ಮಾನ, ಸಮಾರೋಪ ಎಲ್ಲವೂ ಆಗಬೇಕು. ಕವಿಗೋಷ್ಠಿಗೆ ಒಂದೂವರೆ ಗಂಟೆ ಇಟ್ಟು ಇಪ್ಪತ್ತು ಕವಿಗಳನ್ನು ಕರೆದರೆ ತಲೆಗೆ ನಾಲ್ಕೂವರೆ ನಿಮಿಷ. ಸ್ವಾಗತ, ಆಶಯ ನುಡಿ, ಅಧ್ಯಕ್ಷರ ಮಾತು, ಶಾಲು-ಹಾರ ಕಳೆದರೆ ಎರಡೂವರೆ ನಿಮಿಷ ಉಳಿದರೆ ಪುಣ್ಯ. ಹಿಂದಿನ ಗೋಷ್ಠಿ ತಡವಾದರೆ ಅದೂ ಇಲ್ಲ. ಮೊದಲ ಮೂವರು ಕವಿಗಳು ಪೀಠಿಕೆ ಹಾಕಿ, ಎರಡೆರಡು ಕವಿತೆ ಓದಿ ಇಳಿಯುತ್ತಾರೆ. ಅಷ್ಟರಲ್ಲಿ ನಿರೂಪಕರು ‘ದಯವಿಟ್ಟು ಮುಗಿಸಿ’ ಎಂಬ ಚೀಟಿಯನ್ನು ಮೈಕಿನ ಬಳಿ ಸರಿಸಲು ಶುರುಮಾಡುತ್ತಾರೆ, ಹದಿನೆಂಟನೆಯವರು ಓದುವಾಗ ಕುರ್ಚಿಗಳನ್ನು ಎತ್ತಿಡುವ ಸದ್ದು ಕೇಳುತ್ತಿರುತ್ತದೆ. ಪಟ್ಟಿಯಲ್ಲಿ ಎಷ್ಟನೆಯ ಹೆಸರು ಎಂಬ ಪ್ರಶ್ನೆ ಹೊರಗಿನವರಿಗೆ ಕ್ಷುಲ್ಲಕವಾಗಿ ಕಂಡರೂ ಕವಿಗೆ ಹಾಗಲ್ಲ ಎನ್ನುವುದಕ್ಕೆ ಕಾರಣ ಇದು.

ಇಷ್ಟು ಚಿಕ್ಕ ಅವಕಾಶಕ್ಕೆ ಬೆಲೆ ಏಕೆ? ಕನ್ನಡದ ಬಹುಪಾಲು ಕವನ ಸಂಕಲನಗಳು ಐನೂರೋ ಸಾವಿರವೋ ಪ್ರತಿ ಅಚ್ಚಾಗುತ್ತವೆ; ಅವುಗಳಲ್ಲಿ ಒಳ್ಳೆಯ ಪಾಲು ಲೇಖಕರೇ ಹಣ ಹಾಕಿ ತಂದವು. ವಿಮರ್ಶೆ ಬರುವ ಪತ್ರಿಕೆಗಳು ಕಡಿಮೆಯಾಗಿವೆ. ಮಾರಾಟವೂ ವಿಮರ್ಶೆಯೂ ಇಲ್ಲದ ಕಡೆ ಲೇಖಕನೊಬ್ಬ ಲೇಖಕನೆಂದು ಊರಿಗೆ ಗೊತ್ತಾಗುವ ದಾರಿ ವೇದಿಕೆಯೊಂದೇ. ಜೊತೆಗೆ ಕೆಲವು ಲೌಕಿಕ ಲಾಭಗಳೂ ಇವೆ: ಪ್ರಶಸ್ತಿಗೆ ಅರ್ಜಿ ಹಾಕುವಾಗ ‘ಇಂತಿಂಥ ಸಮ್ಮೇಳನಗಳಲ್ಲಿ ಭಾಗವಹಿಸಿದ್ದೇನೆ’ ಎಂದು ಬರೆಯಬಹುದು, ಮುಂದಿನ ಸಂಘಟಕರ ಕಣ್ಣಿಗೆ ಬೀಳಬಹುದು, ಶಿಕ್ಷಕರಾದರೆ ಓಓಡಿ (ರಜೆ ಹಾಕದೆ, ಅನ್ಯ ಕರ್ತವ್ಯದ ಮೇಲೆ ಹೋದಂತೆ ಹಾಜರಿ) ಸೌಲಭ್ಯಕ್ಕೆ ಪ್ರಮಾಣಪತ್ರ ಸಿಗುತ್ತದೆ. ನಮ್ಮ ಜಿಲ್ಲೆಗಳಲ್ಲಿ ಬರೆಯುವವರಲ್ಲಿ ಶಾಲಾ-ಕಾಲೇಜು ಶಿಕ್ಷಕರ ಪಾಲು ದೊಡ್ಡದು. ಒಂದೇ ಇಲಾಖೆಯಲ್ಲಿ, ಕೆಲವೊಮ್ಮೆ ಒಂದೇ ಶಾಲೆಯಲ್ಲಿ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಕರೆ ಬಂದು ಇನ್ನೊಬ್ಬರಿಗೆ ಬರದಿದ್ದರೆ ಅದು ಸಾಹಿತ್ಯದ ಮಾತಾಗಿಯಷ್ಟೇ ಉಳಿಯುವುದಿಲ್ಲ.

ಆಹ್ವಾನ ಪತ್ರಿಕೆಯ ಒಳಗೆ

ಸಮ್ಮೇಳನದ ಆಹ್ವಾನ ಪತ್ರಿಕೆಯನ್ನು ಬಲ್ಲವರು ಪಂಚಾಂಗದಂತೆ ನೋಡುತ್ತಾರೆ. ಮೇಲೆ ‘ದಿವ್ಯ ಸಾನ್ನಿಧ್ಯ’ದಲ್ಲಿ ಮಠಾಧೀಶರು, ನಂತರ ಶಿಷ್ಟಾಚಾರದ ಪ್ರಕಾರ ಸಚಿವರು, ಸಂಸದರು, ಶಾಸಕರು, ಆಮೇಲೆ ಪರಿಷತ್ತಿನ ಪದಾಧಿಕಾರಿಗಳು. ‘ಗೌರವ ಉಪಸ್ಥಿತಿ’ ಎಂಬ ತಲೆಬರಹದ ಕೆಳಗೆ ಹತ್ತಾರು ಹೆಸರುಗಳಿರುತ್ತವೆ. ಅವರಿಗೆ ಕುರ್ಚಿಯುಂಟು, ಮಾತಿಲ್ಲ. ಸಾಹಿತಿಗಳಲ್ಲಿ ಸಮ್ಮೇಳನಾಧ್ಯಕ್ಷರೇ ಎಲ್ಲರಿಗಿಂತ ಮೇಲು. ಅವರ ಕೆಳಗೆ ಕ್ರಮವಾಗಿ ಗೋಷ್ಠಿಯ ಅಧ್ಯಕ್ಷರು, ಆಶಯ ನುಡಿಯುವವರು, ವಿಷಯ ಮಂಡಿಸುವವರು, ಕವಿತೆ ಓದುವವರು ಬರುತ್ತಾರೆ. ದೊಡ್ಡ ಸಮ್ಮೇಳನಗಳಲ್ಲಿ ಪ್ರಧಾನ ವೇದಿಕೆ ಮತ್ತು ಸಮಾನಾಂತರ ವೇದಿಕೆ ಎಂಬ ಇನ್ನೊಂದು ಭೇದವಿದೆ. ಪ್ರಧಾನ ವೇದಿಕೆಯ ಮುಂದೆ ಸಾವಿರಾರು ಜನ ಇರುವಾಗ ಸಮಾನಾಂತರ ವೇದಿಕೆಯಲ್ಲಿ ಒಳ್ಳೆಯ ಪ್ರಬಂಧ ಓದುವವರ ಮುಂದೆ ನೂರು ಜನರಿದ್ದರೂ ಹೆಚ್ಚು.

ಹಾಗಾಗಿ ಕರೆಯದಿರುವುದಷ್ಟೇ ಅಸಮಾಧಾನಕ್ಕೆ ಕಾರಣವಲ್ಲ. ಹಿರಿಯ ಲೇಖಕರನ್ನು ಅವರಿಗಿಂತ ಕಿರಿಯರು ಅಧ್ಯಕ್ಷತೆ ವಹಿಸಿದ ಗೋಷ್ಠಿಯಲ್ಲಿ ಪ್ರಬಂಧ ಮಂಡಿಸಲು ಕೇಳುವುದು, ಕಾದಂಬರಿಕಾರರನ್ನು ಕವಿಗೋಷ್ಠಿಗೆ ಹಾಕುವುದು, ಮಹಿಳೆಯರನ್ನೆಲ್ಲ ಒಂದೇ ‘ಮಹಿಳಾ ಗೋಷ್ಠಿ’ಗೆ ಸೇರಿಸಿ ಉಳಿದ ಗೋಷ್ಠಿಗಳನ್ನು ಗಂಡಸರಿಗೆ ಬಿಡುವುದು, ಇವೆಲ್ಲ ಮನಸ್ತಾಪಕ್ಕೆ ದಾರಿ. ಕೊನೆಯದನ್ನು ಮನಸ್ತಾಪ ಎಂದು ಕರೆಯುವುದಕ್ಕಿಂತ ನ್ಯಾಯವಾದ ಆಕ್ಷೇಪ ಎನ್ನುವುದು ಸರಿ.

ಅಧ್ಯಕ್ಷರನ್ನು ಆರಿಸುವುದು ಯಾರು?

ಪೈಪೋಟಿಯೆಲ್ಲ ಬಂದು ನಿಲ್ಲುವುದು ಸಮ್ಮೇಳನಾಧ್ಯಕ್ಷತೆಯ ಬಳಿ. ಇದು ವರ್ಷಕ್ಕೊಬ್ಬರಿಗೆ, ಕೆಲವೊಮ್ಮೆ ಎರಡು-ಮೂರು ವರ್ಷಕ್ಕೊಬ್ಬರಿಗೆ ಸಿಗುವ ಗೌರವ. ಪರಿಷತ್ತಿನ ಅಧ್ಯಕ್ಷರನ್ನು ಸದಸ್ಯರು ಮತ ಹಾಕಿ ಆರಿಸಿದರೂ ಸಮ್ಮೇಳನದ ಅಧ್ಯಕ್ಷರನ್ನು ಆರಿಸುವುದು ಪರಿಷತ್ತಿನ ಕಾರ್ಯಕಾರಿ ಸಮಿತಿ. ಚರ್ಚೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಹೆಸರಿನ ಹಿಂದೆ ಕೃತಿಗಳ ತೂಕದೊಡನೆ ಪ್ರದೇಶ, ಸಮುದಾಯ, ವಯಸ್ಸು, ಹಿಂದಿನ ಸಲ ಯಾವ ಭಾಗದವರಿಗೆ ಹೋಗಿತ್ತು ಎಂಬ ಲೆಕ್ಕಗಳೂ ಬರುತ್ತವೆ. ಈ ಲೆಕ್ಕಗಳು ತಪ್ಪೇನಲ್ಲ. ಅವುಗಳನ್ನು ಎಲ್ಲಿಯೂ ಬರೆದಿಡದಿರುವುದು ತೊಂದರೆ. ನಿಯಮ ಕಾಣದ ಕಡೆ ಪ್ರತಿ ಆಯ್ಕೆಯೂ ವಶೀಲಿಯಂತೆ ಕಾಣುತ್ತದೆ.

ನಮ್ಮ ಮೂರು ಜಿಲ್ಲೆಗಳಿಗೆ ಈ ಗೌರವದ ನೆನಪು ಹಳೆಯದು. ವಿಜಯಪುರದಲ್ಲಿ 1923ರಲ್ಲಿ ಸಿದ್ಧಾಂತಿ ಶಿವಶಂಕರ ಶಾಸ್ತ್ರಿಗಳು, ಬೆಳಗಾವಿಯಲ್ಲಿ 1929ರಲ್ಲಿ ಮಾಸ್ತಿ, 1939ರಲ್ಲಿ ಮುದವೀಡು ಕೃಷ್ಣರಾಯರು, 1980ರಲ್ಲಿ ಗೋಕಾಕ ಸೀಮೆಯವರೇ ಆದ ಬಸವರಾಜ ಕಟ್ಟೀಮನಿ, 2003ರಲ್ಲಿ ಪಾಟೀಲ ಪುಟ್ಟಪ್ಪನವರು ಅಧ್ಯಕ್ಷರಾಗಿದ್ದರು. 2013ರಲ್ಲಿ ವಿಜಯಪುರದ ಸಮ್ಮೇಳನಕ್ಕೆ ಕೋ. ಚೆನ್ನಬಸಪ್ಪ ಅಧ್ಯಕ್ಷರು. ಪಟ್ಟಿಯಲ್ಲಿ ಯಾರಿದ್ದಾರೆ ಎಂಬಷ್ಟೇ ಯಾರಿಲ್ಲ ಎಂಬುದನ್ನೂ ನೋಡಬೇಕು. ಮೊದಲ ಸಮ್ಮೇಳನವಾಗಿ 59 ವರ್ಷಗಳ ಮೇಲೆ, 1974ರಲ್ಲಿ, ಜಯದೇವಿತಾಯಿ ಲಿಗಾಡೆಯವರು ಮಂಡ್ಯದಲ್ಲಿ ಮೊದಲ ಮಹಿಳಾ ಅಧ್ಯಕ್ಷರಾದರು. ಎರಡನೆಯವರಾದ ಶಾಂತಾದೇವಿ ಮಾಳವಾಡ ಅವರಿಗೆ ಆ ಪೀಠ ಸಿಕ್ಕಿದ್ದು 2000ದಲ್ಲಿ, ಬಾಗಲಕೋಟೆಯಲ್ಲಿ. 2024ರ ಮಂಡ್ಯ ಸಮ್ಮೇಳನದವರೆಗಿನ 87 ಸಮ್ಮೇಳನಗಳಲ್ಲಿ ಮಹಿಳೆಯರು ನಾಲ್ವರೇ.

ಮತದಾನವಾದರೆ ಪೈಪೋಟಿ ಶುದ್ಧವಾಗುತ್ತದೆಯೇ? ಇದಕ್ಕೆ ಉತ್ತರ ಗಡಿಯಾಚೆಯಿಂದ ಸಿಗುತ್ತದೆ. ಮರಾಠಿ ಸಾಹಿತ್ಯ ಸಮ್ಮೇಳನದ ಪರಂಪರೆ ನಮ್ಮದಕ್ಕಿಂತ ಹಳೆಯದು, 1878ರಿಂದ ಬಂದದ್ದು. ಮರಾಠಿ ಮಾತಾಡುವ ಪ್ರದೇಶಗಳೆಲ್ಲ ಒಂದೇ ರಾಜ್ಯವಾಗಬೇಕೆಂಬ ಸಂಯುಕ್ತ ಮಹಾರಾಷ್ಟ್ರದ ನಿರ್ಣಯ ಆದದ್ದು 1946ರಲ್ಲಿ ಬೆಳಗಾವಿಯಲ್ಲಿಯೇ ನಡೆದ ಆ ಸಮ್ಮೇಳನದಲ್ಲಿ. ಅಲ್ಲಿ ಅಧ್ಯಕ್ಷರನ್ನು ಬಹುಕಾಲ ಚುನಾವಣೆಯ ಮೂಲಕ ಆರಿಸಲಾಗುತ್ತಿತ್ತು. ಲೇಖಕರು ಅಭ್ಯರ್ಥಿಗಳಾಗಿ ಮತ ಕೇಳುತ್ತ ಓಡಾಡಬೇಕಾಗಿತ್ತು, ಅನೇಕ ಹಿರಿಯರು ಆ ಮುಜುಗರ ಬೇಡವೆಂದು ದೂರವೇ ಉಳಿದರು. ಕಡೆಗೆ 2018ರಲ್ಲಿ ಚುನಾವಣೆಯನ್ನು ಕೈಬಿಟ್ಟು ಸಹಮತದ ಆಯ್ಕೆಗೆ ಬಂದರು; 2019ರ ಯವತಮಾಳ ಸಮ್ಮೇಳನಕ್ಕೆ ಅರುಣಾ ಢೇರೆ ಹಾಗೆ ಆಯ್ಕೆಯಾದರು. ಆದರೂ ಆ ಸಮ್ಮೇಳನ ವಿವಾದದಿಂದ ತಪ್ಪಿಸಿಕೊಳ್ಳಲಿಲ್ಲ. ಉದ್ಘಾಟನೆಗೆ ಕರೆದಿದ್ದ ಇಂಗ್ಲಿಷ್ ಲೇಖಕಿ ನಯನತಾರಾ ಸಹಗಲ್ ಅವರ ಆಹ್ವಾನವನ್ನು ಹಿಂತೆಗೆದುಕೊಂಡದ್ದೇ ದೊಡ್ಡ ಸುದ್ದಿಯಾಯಿತು.

ಜಾಗದ ಜಗಳ, ವಿಚಾರದ ಜಗಳ

ಇಲ್ಲಿಯವರೆಗೆ ಹೇಳಿದ್ದು ಜಾಗಕ್ಕಾಗಿ ನಡೆಯುವ ಪೈಪೋಟಿ. ಹೊರನೋಟಕ್ಕೆ ಇದರಂತೆಯೇ ಕಾಣುವ, ಆದರೆ ಬೇರು ಬೇರೆಯಾದ ಇನ್ನೊಂದು ಬಗೆಯಿದೆ. ಕನ್ನಡದಲ್ಲಿ ಅದರ ದೊಡ್ಡ ಉದಾಹರಣೆ 1979ರದು. ಧರ್ಮಸ್ಥಳದಲ್ಲಿ ಗೋಪಾಲಕೃಷ್ಣ ಅಡಿಗರ ಅಧ್ಯಕ್ಷತೆಯಲ್ಲಿ ನಡೆಯಲಿದ್ದ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿಯೊಂದು ಇರಬೇಕೆಂದು ಯುವ ಲೇಖಕರು ಕೇಳಿದರು, ಪರಿಷತ್ತು ಒಪ್ಪಲಿಲ್ಲ. ಆ ಲೇಖಕರು ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಸಿದರು. ಕೇಳಿದ್ದು ಒಂದು ಗೋಷ್ಠಿಯನ್ನು, ಹುಟ್ಟಿದ್ದು ಒಂದು ಸಾಹಿತ್ಯ ಚಳವಳಿ. ಯಾರ ಬದುಕು ಸಾಹಿತ್ಯವೆನಿಸಿಕೊಳ್ಳುತ್ತದೆ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಯಾರ ಹೆಸರು ಮೊದಲು ಎಂಬುದಾಗಿರಲಿಲ್ಲ.

ಇಂಥ ಜಗಳಗಳು ತೀರುವ ಬಗೆಯೂ ಕುತೂಹಲದ್ದು. ದಲಿತ-ಬಂಡಾಯ ಸಾಹಿತ್ಯದ ಗೋಷ್ಠಿ ಕಾಲಕ್ರಮದಲ್ಲಿ ಸಮ್ಮೇಳನಗಳ ಮಾಮೂಲಿ ಭಾಗವಾಯಿತು. 2015ರಲ್ಲಿ ಶ್ರವಣಬೆಳಗೊಳದಲ್ಲಿ ಸಿದ್ಧಲಿಂಗಯ್ಯ, 2016ರಲ್ಲಿ ರಾಯಚೂರಿನಲ್ಲಿ ಬರಗೂರು ರಾಮಚಂದ್ರಪ್ಪ, 2017ರಲ್ಲಿ ಮೈಸೂರಿನಲ್ಲಿ ಚಂದ್ರಶೇಖರ ಪಾಟೀಲ, ಹೀಗೆ ಬಂಡಾಯದ ಮೂವರು ಸಾಲಾಗಿ ಅಖಿಲ ಭಾರತ ಸಮ್ಮೇಳನದ ಅಧ್ಯಕ್ಷರಾದರು. ಹೊರಗೆ ನಿಂತವರು ಒಳಗಿನ ಪೀಠಕ್ಕೆ ಬರಲು 36 ವರ್ಷ ಹಿಡಿಯಿತು. ಅಲ್ಲಿಗೆ ಎಲ್ಲ ಮುಗಿಯಿತೆಂದೂ ಅಲ್ಲ: 2023ರ ಜನವರಿಯಲ್ಲಿ ಹಾವೇರಿ ಸಮ್ಮೇಳನದ ಪಟ್ಟಿಯಲ್ಲಿ ಮುಸ್ಲಿಂ ಲೇಖಕರಿಗೆ ತಕ್ಕ ಸ್ಥಾನವಿಲ್ಲವೆಂದು ಆಕ್ಷೇಪ ಎದ್ದಿತು, ಬೆಂಗಳೂರಿನಲ್ಲಿ ಜನ ಸಾಹಿತ್ಯ ಸಮ್ಮೇಳನ ಎಂಬ ಪ್ರತಿ ಸಮ್ಮೇಳನ ನಡೆಯಿತು.

ಕೆಲವೊಮ್ಮೆ ತಕರಾರು ಲೇಖಕರ ನಡುವಿನದಾಗಿರದೆ, ಲೇಖಕರಿಗೂ ಲೇಖಕರಲ್ಲದವರಿಗೂ ನಡುವಿನದಾಗಿರುತ್ತದೆ. 2011ರ ಮಾರ್ಚ್‌ನಲ್ಲಿ ಬೆಳಗಾವಿಯಲ್ಲಿ ನಡೆದ ವಿಶ್ವ ಕನ್ನಡ ಸಮ್ಮೇಳನವನ್ನು ಉದ್ಯಮಿ ಎನ್.ಆರ್. ನಾರಾಯಣಮೂರ್ತಿ ಉದ್ಘಾಟಿಸುವರೆಂದು ಸರ್ಕಾರ ಪ್ರಕಟಿಸಿದಾಗ ಕೆಲವು ಸಾಹಿತಿಗಳು ಬಹಿರಂಗವಾಗಿಯೇ ಆಕ್ಷೇಪಿಸಿದರು. ಉದ್ಘಾಟನೆ ಅವರಿಂದಲೇ ನಡೆಯಿತು.

ಕನ್ನಡದ ಹೊರಗೂ ಇದೇ ಕಥೆ. 1962ರ ಎಡಿನ್‌ಬರೋ ಲೇಖಕರ ಸಮಾವೇಶದಲ್ಲಿ ಸ್ಕಾಟ್‌ಲೆಂಡಿನ ಹಿರಿಯ ಕವಿ ಹ್ಯೂ ಮ್ಯಾಕ್‌ಡರ್ಮಿಡ್ ಮತ್ತು ಕಿರಿಯ ಕಾದಂಬರಿಕಾರ ಅಲೆಕ್ಸಾಂಡರ್ ಟ್ರೋಕಿ ವೇದಿಕೆಯ ಮೇಲೆಯೇ ಕಿತ್ತಾಡಿದರು. ಸ್ವಂತ ನೆಲದ ನುಡಿಗೆ ಅಂಟಿಕೊಳ್ಳುವುದು ಸಾಹಿತ್ಯವೋ, ಅದನ್ನು ದಾಟಿ ಹೋಗುವುದು ಸಾಹಿತ್ಯವೋ ಎಂಬುದು ಅವರ ವಾದ. 2012ರಲ್ಲಿ ಮುಂಬಯಿಯ ಸಾಹಿತ್ಯ ಉತ್ಸವವೊಂದು ರಂಗಭೂಮಿಯ ಬಗ್ಗೆ ಮಾತನಾಡಲು ಗಿರೀಶ ಕಾರ್ನಾಡರನ್ನು ಕರೆದಿತ್ತು. ಕಾರ್ನಾಡರು ಆ ಸಮಯವನ್ನು, ಅದೇ ಉತ್ಸವ ಇಂಗ್ಲಿಷ್ ಲೇಖಕ ವಿ.ಎಸ್. ನೈಪಾಲ್ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟದ್ದನ್ನು ಟೀಕಿಸಲು ಬಳಸಿದರು. ಭಾರತದ ಮುಸ್ಲಿಮರ ಬಗ್ಗೆ ನೈಪಾಲ್ ಬರೆದದ್ದು ಅವರ ಆಕ್ಷೇಪದ ತಿರುಳು. ಇಬ್ಬರಿಗೂ ವೇದಿಕೆಯ ಕೊರತೆಯೇನೂ ಇರಲಿಲ್ಲ. ಜಾಗದ ಜಗಳವನ್ನೂ ವಿಚಾರದ ಜಗಳವನ್ನೂ ಬೇರ್ಪಡಿಸಲು ಓದುಗರಿಗೆ ಒಂದು ಸರಳ ಪ್ರಶ್ನೆ ಸಾಕು: ತಕರಾರು ಎತ್ತಿದವರಿಗೆ ಕುರ್ಚಿ ಕೊಟ್ಟರೆ ತಕರಾರು ನಿಲ್ಲುತ್ತದೆಯೇ? ನಿಂತರೆ ಅದು ಜಾಗದ್ದು.

ವೈಯಕ್ತಿಕ ವೈಮನಸ್ಸು ಎಂಬ ಮೂರನೆಯದೂ ಒಂದಿದೆ. ಅದಕ್ಕೆ ಸಮ್ಮೇಳನ ನೆಪ ಮಾತ್ರ. ಅದೇ ನೈಪಾಲ್ ಮತ್ತು ಅಮೆರಿಕದ ಲೇಖಕ ಪಾಲ್ ಥೆರೂ ಮೂವತ್ತು ವರ್ಷದ ಗೆಳೆತನ ಮುರಿದುಕೊಂಡು ಹದಿನೈದು ವರ್ಷ ಮಾತು ಬಿಟ್ಟಿದ್ದರು. 2011ರಲ್ಲಿ ಅವರು ಮತ್ತೆ ಕೈಕುಲುಕಿದ್ದು ಬ್ರಿಟನ್ನಿನ ಹೇ ಸಾಹಿತ್ಯ ಉತ್ಸವದಲ್ಲಿ.

ರನ್ನನ ಎಂಟೆದೆ, ಹರದೇಶಿ-ನಾಗೇಶಿ

ಲೇಖಕರ ಸ್ಪರ್ಧೆ ಸಮ್ಮೇಳನಗಳು ತಂದ ಹೊಸ ರೋಗವೆಂದು ಭಾವಿಸುವುದು ಸರಿಯಲ್ಲ. ಹಳಗನ್ನಡ ಕವಿಗಳು ಕಾವ್ಯದ ಆರಂಭದಲ್ಲಿ ಹಿಂದಿನ ಸುಕವಿಗಳನ್ನು ಹೊಗಳಿ ಕುಕವಿಗಳನ್ನು ತೆಗಳುವುದು ಸಂಪ್ರದಾಯವೇ ಆಗಿತ್ತು. ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆದಿಶೇಷನ ಹೆಡೆಯ ರತ್ನವನ್ನೂ ತನ್ನ ಕೃತಿರತ್ನವನ್ನೂ ಪರೀಕ್ಷಿಸುವವನಿಗೆ ಎಂಟೆದೆ ಇರಬೇಕೆಂದು ಸವಾಲು ಹಾಕಿದ. ಪೊನ್ನನಿಗೆ ರಾಷ್ಟ್ರಕೂಟ ದೊರೆಯಿಂದ ‘ಉಭಯ ಕವಿಚಕ್ರವರ್ತಿ’, ರನ್ನನಿಗೆ ಚಾಲುಕ್ಯ ತೈಲಪನಿಂದ ‘ಕವಿಚಕ್ರವರ್ತಿ’. ಬಿರುದು ಕೊಡುವವನು ದೊರೆಯೊಬ್ಬನೇ ಆಗಿದ್ದಾಗ ಪೈಪೋಟಿ ಅವನ ಸಭೆಯಲ್ಲಿತ್ತು. ಈಗ ಅದು ಸಮಿತಿಯ ಕೋಣೆಗೆ ಬಂದಿದೆ.

ಇದಕ್ಕಿಂತ ಆಸಕ್ತಿಯ ಸಂಗತಿ ನಮ್ಮ ಜಾತ್ರೆಗಳಲ್ಲಿದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಗೀಗೀ ಪದದ ಮೇಳಗಳಲ್ಲಿ ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಕ್ಷಗಳಿವೆ. ಹರದೇಶಿಯವರು ಶಿವನ ಪರ, ಗಂಡು ಹೆಚ್ಚೆಂದು ಹಾಡುತ್ತಾರೆ. ನಾಗೇಶಿಯವರು ಶಕ್ತಿಯ ಪರ, ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಡಪ್ಪು, ತುಂತುಣಿ, ತಾಳ ಹಿಡಿದು ಒಬ್ಬರು ಪುರಾಣದಿಂದ ಒಗಟಿನಂಥ ಪ್ರಶ್ನೆ ಎಸೆದರೆ ಇನ್ನೊಬ್ಬರು ಪದದಲ್ಲೇ ಉತ್ತರ ಕೊಡಬೇಕು. ರಾತ್ರಿಯಿಡೀ ಸವಾಲು-ಜವಾಬು ನಡೆಯುತ್ತದೆ. ಮಾತು ಮೊನಚಾಗಿಯೇ ಇರುತ್ತದೆ, ಎದುರಿನವರನ್ನು ಹಂಗಿಸುವುದೂ ಉಂಟು. ಆದರೆ ಊರಿನವರು ಕರೆಸುವಾಗ ಎರಡೂ ಮೇಳಗಳನ್ನು ಜೋಡಿಯಾಗಿ ಕರೆಸುತ್ತಾರೆ, ಏಕೆಂದರೆ ಎದುರಾಳಿಯಿಲ್ಲದೆ ಹಾಡಿಕೆಯೇ ಇಲ್ಲ. ಸಾಹಿತ್ಯ ಗೋಷ್ಠಿಗಳಲ್ಲಿ ಸಾಮಾನ್ಯವಾಗಿ ಒಂದೇ ಅಭಿಪ್ರಾಯದ ನಾಲ್ವರನ್ನು ಕೂರಿಸಿ, ಭಿನ್ನಮತದವರನ್ನು ಹೊರಗಿಡುತ್ತಾರೆ. ಹಾಗಾಗಿ ವೇದಿಕೆಯ ಮೇಲೆ ಆಗಬೇಕಾದ ವಾದ ಊಟದ ಪೆಂಡಾಲಿನಲ್ಲಿ ಆಗುತ್ತದೆ.

ಏನು ಮಾಡಿದರೆ ತಗ್ಗೀತು?

ವಿಚಾರದ ಜಗಳವನ್ನು ಯಾರೂ ತಗ್ಗಿಸಬೇಕಾಗಿಲ್ಲ. ಅದಕ್ಕೆ ಒಂದು ಗೋಷ್ಠಿ, ಇಬ್ಬರು ಎದುರಾಳಿಗಳು, ನಿಷ್ಪಕ್ಷಪಾತ ಅಧ್ಯಕ್ಷರೊಬ್ಬರು ಇದ್ದರೆ ಸಾಕು. ಜಾಗದ ಜಗಳಕ್ಕೆ ಮಾತ್ರ ಕೆಲವು ಉಪಾಯಗಳುಂಟು. ಆಯ್ಕೆ ಸಮಿತಿಯವರ ಹೆಸರನ್ನು ಮೊದಲೇ ಪ್ರಕಟಿಸುವುದು, ಹಿಂದಿನ ಎರಡು-ಮೂರು ಸಲ ಅವಕಾಶ ಪಡೆದವರಿಗೆ ಈ ಸಲ ಬಿಡುವು ಕೊಡುವುದು, ಇಪ್ಪತ್ತು ಕವಿಗಳ ಬದಲು ಎಂಟೇ ಕವಿಗಳನ್ನು ಕರೆದು ಹತ್ತು ನಿಮಿಷ ಕೊಡುವುದು, ಉದ್ಘಾಟನೆಯ ಭಾಷಣಗಳನ್ನು ಮೊಟಕುಗೊಳಿಸುವುದು. ಕೊನೆಯದು ಹೇಳಿದಷ್ಟು ಸುಲಭವಲ್ಲ, ಏಕೆಂದರೆ ಪೆಂಡಾಲಿನ ಖರ್ಚಿಗೆ ನೆರವಾದವರೇ ಹೆಚ್ಚಾಗಿ ಆ ಭಾಷಣಕಾರರು. ಎಂಟು ಕವಿಗಳ ಉಪಾಯಕ್ಕೂ ಅಡ್ಡಿಯಿದೆ: ಉಳಿದ ಹನ್ನೆರಡು ಕವಿಗಳು, ಅವರ ಮನೆಯವರು, ಗೆಳೆಯರು ಸಮ್ಮೇಳನಕ್ಕೆ ಬರುವುದಿಲ್ಲ, ಖಾಲಿ ಕುರ್ಚಿಯ ಫೋಟೊ ಮರುದಿನ ಪತ್ರಿಕೆಯಲ್ಲಿ ಬರುತ್ತದೆ.

ಕವಿತೆಗಳನ್ನು ಮುಂಚೆಯೇ ತರಿಸಿಕೊಂಡು, ಹೆಸರು ಮುಚ್ಚಿ ಓದಿ ಆರಿಸುವ ಕ್ರಮವನ್ನೂ ಕೆಲವರು ಸೂಚಿಸುತ್ತಾರೆ. ಜಿಲ್ಲೆಯ ಮಟ್ಟದಲ್ಲಿ ಇದು ನಡೆದೀತು. ತಾಲೂಕಿನಲ್ಲಿ ಬರೆಯುವವರು ಒಬ್ಬರಿಗೊಬ್ಬರು ಪರಿಚಿತರು. ಯಾರು ಮಳೆಯ ಮೇಲೆ ಬರೆಯುತ್ತಾರೆ, ಯಾರು ಅವ್ವನ ಮೇಲೆ ಬರೆಯುತ್ತಾರೆ, ಯಾರ ಸಾಲು ಯಾವ ಪ್ರಾಸಕ್ಕೆ ಬಂದು ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಹೆಸರು ಮುಚ್ಚಿದರೂ ಎರಡನೆಯ ಸಾಲಿಗೇ ಕವಿ ಯಾರೆಂದು ತಿಳಿದುಬಿಡುತ್ತದೆ. ಆಯ್ಕೆಯನ್ನು ನೆರೆಯ ತಾಲೂಕಿನವರಿಗೆ ಒಪ್ಪಿಸಿದರೆ ಈ ತೊಡಕು ತಪ್ಪುತ್ತದೆ. ಹಾಗೆ ಒಪ್ಪಿಸಲು ಎರಡೂ ತಾಲೂಕಿನ ಪದಾಧಿಕಾರಿಗಳು ಮೊದಲು ಒಂದು ಸಭೆಯಲ್ಲಿ ಕೂರಬೇಕು.